ಹಾದಿರ್

ಫರ್ವಾನಿಯಾದ ಹಿಂದಿನ ಗಲ್ಲಿ. ಲಾಂಡ್ರಿಯ ಆವಿಗೂ
ಇರಾನಿ ರೊಟ್ಟಿಯ ಒಲೆಗೂ ನಡುವೆ
ಮೌಲಾಸಾಬ ಹದ್ಲಿಯವರ ಹೊಲಿಗೆ ಯಂತ್ರ.
ದಿನಕ್ಕೆ ಎಂಟು ದಿಶ್‌ದಾಶ. ಎಲ್ಲವೂ ಬಿಳಿ.
"ಕಂಪನ್ಯಾಗ ಒಬ್ಬೊಬ್ಬ ರಾಜಾಗ ಒಂದೊಂದ ಬಣ್ಣ ಇರತಿತ್ರಿ,
ಇಲ್ಲೆ ಎಲ್ಲಾರೂ ರಾಜರ, ಬಣ್ಣ ಒಂದ"
ಎಂದು ಹಲ್ಲಲ್ಲಿ ದಾರ ಕಡಿದು ನಕ್ಕರು.
ನಾನು ಪ್ಯಾಂಟಿಗೆ ಜಿಪ್ ಹಾಕಿಸಲು ಹೋದವನು,
ಅಂಗಡಿ ಮುಚ್ಚುವವರೆಗೂ ಕೂತೆ.

ಒಂಬತ್ತನೇ ವಯಸ್ಸಿಗೆ ಸೇವಕನ ಪಾರ್ಟು. ಎರಡೇ ಶಬ್ದ:
ಅಪ್ಪಣೆ, ಪ್ರಭು.
ಆಮೇಲೆ ಕೀಚಕ ಹನ್ನೊಂದು ವರ್ಷ, ಕಂಸ ಆರು,
ನಡುನಡುವೆ ಕುಡುಕ ಮಾವಂದಿರು, ಬಡ್ಡಿ ಸಾಹುಕಾರರು,
ನಾಯಕಿಗೆ ಜ್ವರ ಬಂದ ಒಂದು ರಾತ್ರಿ ದ್ರೌಪದಿ
(ಮೀಸೆ ಬೋಳಿಸಿದ್ದಕ್ಕೆ ಹೆಂಡತಿ ಮೂರು ದಿನ ಮಾತು ಬಿಟ್ಟಳಂತೆ).
ಇಳಕಲ್ಲಿನಿಂದ ಸಿಂದಗಿಗೆ, ಸಿಂದಗಿಯಿಂದ ಗುರುಮಠಕಲ್ಲಿಗೆ
ತಗಡಿನ ಥಿಯೇಟರು ಬಿಚ್ಚಿ, ಕಟ್ಟಿ, ಬಿಚ್ಚಿ,
ಒಂದು ಸಲ ಬಿಚ್ಚಿದ್ದನ್ನು ಮತ್ತೆ ಕಟ್ಟಲಿಲ್ಲ.
ಮಾಲೀಕರು ತಗಡನ್ನು ತೂಕಕ್ಕೆ ಹಾಕಿದರು.

ಸಿನಿಮಾ ಎರಡು.
ಒಂದರಲ್ಲಿ ನಾಯಕನ ಏಟಿಗೆ ಬಾವಿಗೆ ಬೀಳುತ್ತಾರೆ;
ಮುಖ ಕಾಣುವ ಮೊದಲೇ ನೀರು ಕಾಣುತ್ತದೆ.
ಇನ್ನೊಂದು ಡಬ್ಬಿಯಲ್ಲೇ ಉಳಿಯಿತು.
ಕ್ಲೋಸಪ್ ಇದ್ದದ್ದು ಅದರಲ್ಲಿ.

ಡ್ರೆಸ್ ಪೆಟ್ಟಿಗೆ ಕಾಯುತ್ತ ಕಲಿತ ಹೊಲಿಗೆ
ಕುವೈತಿನಲ್ಲಿ ಅನ್ನಕ್ಕೆ ಬಂತು. ಗಂಟಲು ಬರಲಿಲ್ಲ,
ವರ್ಷಕ್ಕೊಂದು ಶುಕ್ರವಾರ ಬಿಟ್ಟು:
ಅಬ್ಬಾಸಿಯಾದ ಶಾಲೆಯೊಂದರ ಸಭಾಂಗಣ, ನಮ್ಮವರ ನಾಟಕ.
ಕೈ ಎಲ್ಲಿಡಬೇಕೆಂದು ತಿಳಿಯದ ಎಂಜಿನಿಯರುಗಳು,
ನೈಟ್ ಡ್ಯೂಟಿಯಿಂದ ನೇರ ಬಂದ ನರ್ಸ್ ಕುಂತಿ.
ಪರದೆಯ ಸಂದಿಯಲ್ಲಿ ಪ್ರತಿ ಹಿಡಿದು ನಾನು,
ಎಲ್ಲರ ಬಾಯಿಗೂ ಮಾತು ಉಣಿಸುವವನು.
ಅವರ ಪುಟ ಬಂದಾಗ ಮಾತ್ರ ಪುಸ್ತಕ ಮಡಚಿಡುತ್ತಿದ್ದೆ.
ಮೈಕು ಕೈಕೊಟ್ಟ ವರ್ಷ
ಕೊನೆಯ ಸಾಲಿನಲ್ಲಿ ಅಳುತ್ತಿದ್ದ ಮಗು
ಆ ದನಿಗೆ ಅಳು ಮರೆತು ಬಿಕ್ಕಳಿಸಿತು.

ರಂಜಾನಿನ ಧಾರಾವಾಹಿಗೆ ನಲವತ್ತು ದಿಶ್‌ದಾಶ ಆರ್ಡರು ಕೊಡಲು ಬಂದ
ಈಜಿಪ್ಟಿನ ಹುಡುಗ ಇವರ ಮುಖ ನೋಡಿದ.
ಪಾತ್ರ: ದಿವಾನಿಯಾದಲ್ಲಿ ಚಹಾ ಕೊಡುವ ಹಿಂದಿ ಮುದುಕ.
ಮೂವತ್ತು ಕಂತು. ಮಾತು ಒಂದು: ಹಾದಿರ್.
"ಅಂದ್ರ?"
"ಹಾಜರ್," ಅಂದೆ.
"ಅರೆ, ನಮ್ಮ ಹಾಜರಿ ಪುಸ್ತಕದಾಗಿನ ಶಬ್ದನ!
ಯಾವಾಗ ಊರ ಬಿಟ್ಟ ಬಂತರಿ ಇದು?"
"ಊರಿಗೆ ಹೋದದ್ದೇ ಇಲ್ಲಿಂದ, ಸಾಹೇಬರೆ."

ವಾರವಿಡೀ ರಿಹರ್ಸಲು, ಯಂತ್ರ ತುಳಿಯುತ್ತಲೇ.
ಯಜಮಾನನಿಗೆ ಒಂದು ಹಾದಿರ್, ಅವನ ವಿಧವೆ ತಾಯಿಗೆ ಇನ್ನೊಂದು,
ಬೈದ ಮಗನಿಗೆ ನುಂಗಿಕೊಂಡದ್ದು, ಬೈಯದೆ ಬಿಟ್ಟವನಿಗೆ ಒದ್ದೆಯಾದದ್ದು.
ಸೆಟ್ಟಿನಲ್ಲಿ ನಿರ್ದೇಶಕ ಕೈ ಇಳಿಸುತ್ತಲೇ ಇದ್ದ:
ಶ್ವಯ್ಯ, ಶ್ವಯ್ಯ, ಇನ್ನೂ ಸಣ್ಣಗೆ.
ಕೀಚಕನನ್ನು ಒಂದು ಇಸ್ತಿಕಾನದೊಳಗೆ ಇಳಿಸುವುದು
ಸುಲಭವಲ್ಲ, ಸೊಂಟದ ಗಾತ್ರವೇ ಬೇರೆ.

ಹತ್ತೊಂಬತ್ತನೇ ಕಂತು. ಇಫ್ತಾರ್ ಮುಗಿದು
ಎರಡಂತಸ್ತಿನ ಮಂಚಗಳ ಮೇಲೆ ನಾವು ಏಳು ಮಂದಿ.
ಪರದೆಯ ಮೇಲೆ ಆ ದೊಡ್ಡ ನಟ,
ಸತ್ತ ಅಣ್ಣನ ಆಸ್ತಿಯ ಬಗ್ಗೆ ಹೇಳುತ್ತ ಹೇಳುತ್ತ
ನಿಂತ.
ಉಳಿದವರಿಗೆ ಅದು ದುಃಖ.
ನಾನು ಪ್ರಾಂಪ್ಟರು, ನನಗೆ ಗೊತ್ತು ಆ ಕಣ್ಣು:
ಮಾತು ಮರೆತವನ ಕಣ್ಣು.
ಆಗ ಬಾಗಿಲ ಬಳಿಯ ಮುದುಕ, ಅರಬ್ಬಿ ಬಾರದವನು,
ಕರೆಯದಿದ್ದರೂ ಕರೆದಂತೆ ಮುಂದೆ ಬಂದು,
ಖಾಲಿಯಾಗದ ಲೋಟಕ್ಕೆ ಚಹಾ ಬಗ್ಗಿಸಿ,
ಹಾದಿರ್,
ಎಂದ. ಬರೀ ಉಸಿರಿನಲ್ಲಿ.
ನಟ ತಲೆ ಎತ್ತಿದ. ಮಾತು ಸಿಕ್ಕಿತು.
ಕಟ್ ಅನ್ನಬೇಕಿದ್ದವನು ಅನ್ನಲಿಲ್ಲ.
ನಾಲ್ಕು ಸೆಕೆಂಡು, ಪರದೆಯ ತುಂಬ ಮೌಲಾಸಾಬರ ಮುಖ.

ಮೇಲಿನ ಮಂಚದಿಂದ ಯಾರೋ ಸೀಟಿ ಹಾಕಿದರು.
ಅವರು ಪಾತ್ರೆ ತೊಳೆಯುತ್ತಿದ್ದರು, ಅಂದು ಅವರ ಪಾಳಿ.

ಈದಿನ ಬಟ್ಟೆ ತೊಟ್ಟು ನೋಡಲು ಬಂದ ಹುಡುಗನೊಬ್ಬ
ಗುರುತು ಹಿಡಿದು ಕೂಗಿದ: "ಯಾ ಹಾದಿರ್!"
ಅಪ್ಪ ಗದರಿದ. ಇವರು ಮಾತಾಡಲಿಲ್ಲ.
ಮಂಡಿಯೂರಿ ಅಂಚು ಎಳೆದರು, ಬಾಯಲ್ಲಿ ಗುಂಡುಸೂಜಿಗಳು,
ಸ್ವಲ್ಪ ಉದ್ದವಾಗಿತ್ತು.
"ನೆಟ್ಟಗ ನಿಂದ್ರು, ರಾಜಾ," ಅಂದರು ಕನ್ನಡದಲ್ಲಿ,
ಇಳಕಲ್ಲಿನ ಕೊನೆಯ ಬೆಂಚಿಗೂ ಕೇಳುವ ಗಂಟಲಲ್ಲಿ.
ಹುಡುಗ ನೆಟ್ಟಗೆ ನಿಂತ.